ಹಿತ್ತಾಳೆಯ ದಣಿವು

ಮದ್ದುಗುಂಡಿನ ಮಾತು ನಮ್ಮ ಸೀಮೆಗೆ ಹೊಸದಲ್ಲ. ವಿಜಾಪುರದ ಬುರುಜಿನ ಮೇಲೆ, 1549ರಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ತೋಪು ಇಂದಿಗೂ ಬಾಯಿ ತೆರೆದುಕೊಂಡು ಮಲಗಿದೆ. ಬಾದಾಮಿಯ ಉತ್ತರದ ಗುಡ್ಡವನ್ನು ಏದುಸಿರು ಬಿಡುತ್ತ ಹತ್ತಿದವರಿಗೆ ಕೋಟೆಯ ನೆತ್ತಿಯಲ್ಲಿ ಹಳೆಯ ತೋಪೊಂದರ ದರ್ಶನವಾಗುತ್ತದೆ. ಇನ್ನು ಮುಧೋಳದ ಬಳಿಯ ಹಲಗಲಿಯ ಬೇಡರ ಕಥೆಯನ್ನು ಕೇಳದ ಕನ್ನಡಿಗರು ವಿರಳ. 1857ರಲ್ಲಿ ಕಂಪನಿ ಸರಕಾರವು ಆಯುಧಗಳನ್ನು ಒಪ್ಪಿಸಿರೆಂದು ಕಾಯಿದೆ ಮಾಡಿದಾಗ, ಒಪ್ಪಿಸಲಾರೆವೆಂದು ನಿಂತವರು ಅವರು. ಊರಿಗೆ ಬೆಂಕಿ ಬಿದ್ದಿತು. 19 ಮಂದಿ ಗಲ್ಲಿಗೇರಿದರು. ಜಡಗ, ಬಾಲರ ಹೆಸರು ಲಾವಣಿಯಲ್ಲಿ ಇಂದಿಗೂ ಉಳಿದಿದೆ.

ಇಷ್ಟೆಲ್ಲ ಪರಂಪರೆ ಇದ್ದರೂ, ಬಂದೂಕಿನ ಹೊಟ್ಟೆಯೊಳಗೆ ನಡೆಯುವುದೇನು ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಕುದುರೆ ಎಳೆದು ತೋರಿಸುವುದಕ್ಕಿಂತ ಮುಂದೆ ಹೋಗಲಾರರು. ಗುಂಡು ಹಾರಿತು, ಹುಲಿ ಬಿದ್ದಿತು. ಕಥೆಗೆ ಅಷ್ಟು ಸಾಕು. ಆ ಎರಡು ಸಂಗತಿಗಳ ನಡುವೆ ಇರುವ ಹಿತ್ತಾಳೆಯ ಒಂದು ಪುಟ್ಟ ಕೊಳವೆ, ಅದರ ಸಹನೆ, ಅದರ ದಣಿವು, ಇವನ್ನು ಕುರಿತು ನನಗೆ ತಿಳಿಸಿದವರು ನನ್ನ ಸೋದರಮಾವ.

ಮಾವನವರು ಬಾಗಲಕೋಟೆಯಲ್ಲಿ ವಕೀಲರು. ಈಗ ಆಲಮಟ್ಟಿಯ ಹಿನ್ನೀರಿಗೆ ಸಂದುಹೋಗಿರುವ ಹಳೆಯ ಪೇಟೆಯಲ್ಲಿ, ಘಟಪ್ರಭೆಯ ಕಡೆಗೆ ಇಳಿಯುವ ಓಣಿಯೊಂದರಲ್ಲಿ ಅವರ ಮನೆ ಇದ್ದಿತು. ನಾನು ಅಲ್ಲಿದ್ದುಕೊಂಡು ಶಾಲೆಗೆ ಹೋಗುತ್ತಿದ್ದುದು 1960ರ ಆಚೀಚಿನ ವರುಷಗಳಲ್ಲಿ. ಅವರ ಬಳಿ ಪರವಾನಿಗೆಯ ಎರಡು ಆಯುಧಗಳಿದ್ದವು: ಹನ್ನೆರಡು ಬೋರಿನ ಜೋಡುನಳಿಗೆಯ ಬಂದೂಕು ಒಂದು, .315 ರೈಫಲ್ಲು ಮತ್ತೊಂದು. ಸೈನ್ಯದ .303 ನಾಗರಿಕರಿಗೆ ನಿಷಿದ್ಧವಾಗಿದ್ದುದರಿಂದ ನಮ್ಮ ದೇಶದ ಶಿಕಾರಿಯವರು .315ಕ್ಕೆ ಶರಣು ಹೋಗಿದ್ದರು. ಆದರೆ ಅದರ ತೋಟೆಗಳೋ, ಬರ್ಮಿಂಗ್‌ಹ್ಯಾಮಿನ ಕೈನಾಕ್ ಕಂಪನಿಯಿಂದ ಹಡಗಿನಲ್ಲಿ ಬರಬೇಕು. 1957ರ ಬಳಿಕ ವಿದೇಶಿ ಹಣದ ಅಭಾವದಿಂದ ಆಮದು ಬಿಗಿಯಾಯಿತು. ಒಂದೊಂದು ತೋಟೆಗೂ ಹೆಣ್ಣು ನೋಡಲು ಹೋದವರಂತೆ ಅಲೆಯಬೇಕಾಯಿತು. ಆಗ ಮಾವನವರು, ತಮ್ಮ ಪರವಾನಿಗೆಯ ಪುಸ್ತಕಕ್ಕೆ ಬೇಕಾದ ಮೊಹರುಗಳನ್ನೆಲ್ಲ ಹಾಕಿಸಿಕೊಂಡು, ಒಮ್ಮೆ ಹಾರಿಸಿದ ತೋಟೆಯ ಖಾಲಿ ಕವಚವನ್ನು ಮತ್ತೆ ತುಂಬುವ ಕೆಲಸಕ್ಕೆ ಕೈಯಿಟ್ಟರು.

ವಕೀಲರ ಕೈ ಕಾಗದಕ್ಕೆ ಒಗ್ಗಿದ್ದು, ಲೋಹಕ್ಕಲ್ಲ ಎಂದು ಅತ್ತೆಯವರು ಹಾಸ್ಯ ಮಾಡುತ್ತಿದ್ದರು. ಆದರೆ ಮಾವನವರು ಆ ಕೆಲಸವನ್ನೂ ದಾವೆಯಂತೆಯೇ ನಡೆಸಿದರು. ಸಾಕ್ಷಿ ಇಲ್ಲದೆ ಒಂದು ಹೆಜ್ಜೆ ಮುಂದಿಡುತ್ತಿರಲಿಲ್ಲ. ಗುಳೇದಗುಡ್ಡದ ಪತ್ತಾರರಿಂದ ಚಿನ್ನ ತೂಗುವ ತಕ್ಕಡಿಯನ್ನು ಕೊಂಡು ತಂದರು. ತಕ್ಕಡಿಯ ಜೊತೆಗೆ ಪತ್ತಾರರು ಒಂದು ಹಿಡಿ ಗುಲಗಂಜಿಯನ್ನೂ ಕೊಟ್ಟಿದ್ದರು. ಮಾವನವರು ಅವನ್ನು ನನ್ನ ಅಂಗೈಗೆ ಸುರಿದು, “ಆಡಿಕೋ” ಎಂದರು. ಒಂದು ಗುಲಗಂಜಿ ಇನ್ನೊಂದರಂತೆ ತೂಗುವುದಿಲ್ಲ. ಬಂಗಾರದಲ್ಲಿ ಅಷ್ಟು ವ್ಯತ್ಯಾಸ ಬಂದರೆ ಒಬ್ಬರಿಗೆ ನಷ್ಟ, ಮದ್ದಿನಲ್ಲಿ ಬಂದರೆ ಕಣ್ಣಿಗೆ ನಷ್ಟ ಎಂಬುದು ಅವರ ವಾದ. ಮದ್ದಿನ ಲೆಕ್ಕ ನಡೆಯುವುದು ಗ್ರೇನಿನಲ್ಲಿ. ಒಂದು ತೊಲಕ್ಕೆ 180 ಗ್ರೇನು, ಒಂದು ಪೌಂಡಿಗೆ 7,000. ಮೆಟ್ರಿಕ್ ತೂಕ ಬಂದು ಅಂಗಡಿಗಳಲ್ಲಿ ತೊಲ ಸೇರುಗಳು ಮಾಯವಾಗುತ್ತಿದ್ದ ಆ ದಿನಗಳಲ್ಲಿ, ನಮ್ಮ ಮನೆಯ ಮಾಡದ ಮೇಲೆ ಮಾತ್ರ ಗ್ರೇನಿನ ಮುದ್ರೆಯ ಬಟ್ಟುಗಳು ಭದ್ರವಾಗಿದ್ದವು.

ಆ ಕೋಣೆಯ ಶಾಸನಗಳು ಕೆಲವು ನೆನಪಿವೆ. ಮೇಜಿನ ಮೇಲೆ ಒಂದೇ ಬಗೆಯ ಮದ್ದು ಇರತಕ್ಕದ್ದು. ದೀಪ, ಊದುಬತ್ತಿ, ಬೀಡಿ ಯಾವುದೂ ಒಳಗೆ ಬರಕೂಡದು. ಯಾರಾದರೂ ಮಾತಿಗೆ ಬಂದರೆ ಕೆಲಸ ನಿಲ್ಲತಕ್ಕದ್ದು; ನಿಂತ ಮೇಲೆ ಅರ್ಧ ತುಂಬಿದುದನ್ನೆಲ್ಲ ಬರಿದು ಮಾಡಿ ಮೊದಲಿನಿಂದ ಆರಂಭಿಸತಕ್ಕದ್ದು. ಕಕ್ಷಿಗಾರರು ಬಾಗಿಲಲ್ಲಿ ಕೂಗಿದರೆ ಅತ್ತೆಯವರು, “ಪೂಜೆಯಲ್ಲಿದ್ದಾರೆ” ಎಂದು ಹೇಳಿ ಕಳುಹಿಸುತ್ತಿದ್ದರು. ಅದು ಸುಳ್ಳೆಂದು ನನಗೆ ಎಂದೂ ಅನಿಸಲಿಲ್ಲ.

ಹಿತ್ತಾಳೆಯ ವಿಷಯವನ್ನು ಕಲಿಸಲು ಅವರು ನನ್ನನ್ನು ಕರೆದುಕೊಂಡು ಹೋದದ್ದು ಪೇಟೆಯ ಬೋಗಾರರ ಅಂಗಡಿಗೆ. ಅಲ್ಲಿ ಮುದುಕರೊಬ್ಬರು ಕೊಡದ ಕಂಠವನ್ನು ಬಡಿಯುತ್ತಿದ್ದರು. ಟಣ್ ಟಣ್ ಎಂಬ ಸದ್ದು ಹೊತ್ತು ಹೋದಂತೆ ಚುರುಕಾಗಿ, ಗಟ್ಟಿಯಾಗಿ ಕೇಳತೊಡಗಿತು. ಆಗ ಅವರು ಬಡಿಯುವುದನ್ನು ನಿಲ್ಲಿಸಿ ಕೊಡವನ್ನು ಕುಲುಮೆಗೆ ಹಿಡಿದರು. “ಬಡದಷ್ಟೂ ಹಿತ್ತಾಳಿ ಸಿಟ್ಟಿಗೇಳತೈತ್ರಿ. ಬೆಂಕಿ ತೋರಿಸಿ ಸಮಾಧಾನ ಮಾಡಲಿಲ್ಲಂದರ ಸೀಳತೈತಿ” ಎಂದರು. ಲೋಹಶಾಸ್ತ್ರದ ದೊಡ್ಡ ಗ್ರಂಥಗಳಲ್ಲಿ ಬರೆದಿರುವುದೂ ಇದನ್ನೇ. ತೋಟೆಯ ಹಿತ್ತಾಳೆಯಲ್ಲಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು. ಗುಂಡು ಹಾರುವ ಕ್ಷಣದಲ್ಲಿ ಕವಚ ಉಬ್ಬಿ ಕೋಣೆಯ ಗೋಡೆಗೆ ಅಂಟಿಕೊಂಡು, ಉರಿಯುವ ಅನಿಲ ಹಿಂದಕ್ಕೆ ನುಗ್ಗದಂತೆ ಬಾಗಿಲು ಹಾಕುತ್ತದೆ. ಮರುಕ್ಷಣ ಸ್ವಲ್ಪ ಕುಗ್ಗಿ ಹೊರಗೆ ಬರಲು ದಾರಿ ಬಿಡುತ್ತದೆ. ಪ್ರತಿ ಸಲವೂ ಅದಕ್ಕೆ ಸುತ್ತಿಗೆಯ ಪೆಟ್ಟು ಬಿದ್ದಂತೆಯೇ. ಮತ್ತೆ ಅಳತೆಗೆ ತರಲು ಅಚ್ಚಿನಲ್ಲಿ ಒತ್ತುವುದು ಇನ್ನೊಂದು ಪೆಟ್ಟು. ಹೀಗೆ ಗಡುಸಾಗುತ್ತ ಹೋದ ಕೊರಳು ಒಂದು ದಿನ ಕೂದಲಿನಷ್ಟು ಸೀಳುತ್ತದೆ.

ಕೊರಳಿಗೆ ಬೆಂಕಿ ತೋರಿಸಿ ಮೆತ್ತಗೆ ಮಾಡಬಹುದು. ಆದರೆ ಬುಡಕ್ಕೆ ಬಿಸಿ ತಾಕಬಾರದು. ಬುಡ ಗಟ್ಟಿಯಾಗಿರುವುದೇ ಹಾರಿಸುವವನ ಮುಖಕ್ಕೆ ಇರುವ ರಕ್ಷಣೆ. ಕೊಡಕ್ಕೂ ತೋಟೆಗೂ ಇರುವ ಅಂತರ ಇದೇ ಎಂದು ಮಾವನವರು ಬೋಗಾರರಿಗೆ ವಿವರಿಸಿದಾಗ, ಮುದುಕರು ಸ್ವಲ್ಪ ಹೊತ್ತು ಯೋಚಿಸಿ, “ಹಂಗಾದರ ನಿಮ್ಮ ಕೊಡ ತೆಲಿ ಮೆತ್ತಗ, ಕುಂಡಿ ಗಟ್ಟಿ” ಎಂದು ನಕ್ಕರು.

ಇನ್ನೊಂದು ಸಂಗತಿ ಇದಕ್ಕಿಂತ ವಿಚಿತ್ರವಾದುದು. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ತಲೆಬಾಗಿಲು ದಾಟಿದೊಡನೆ ಸಿಗುವುದು ದನದ ಕೊಟ್ಟಿಗೆ. ಮನುಷ್ಯರ ಪಾಳಿ ಅದರ ಆಚೆಗೆ. ಎಲ್ಲರ ಮನೆಯಲ್ಲೂ ಬಂದೂಕು ತೂಗುತ್ತಿದ್ದುದು ಆ ಕೊಟ್ಟಿಗೆಯ ಗೋಡೆಗೇ. ಮಾವನವರು ಮಾತ್ರ ತೋಟೆಯ ಪೆಟ್ಟಿಗೆಯನ್ನು ಅಟ್ಟದ ಮೇಲೆ, ಕೊಟ್ಟಿಗೆಯಿಂದ ಎಷ್ಟು ದೂರವೋ ಅಷ್ಟು ದೂರ ಇಟ್ಟಿದ್ದರು. ಕಾರಣ ಹೀಗೆ. ಬ್ರಿಟಿಷರ ಸೈನ್ಯದಲ್ಲಿ ಮಳೆಗಾಲ ಬಂದಾಗಲೆಲ್ಲ, ಹಾರಿಸದೆ ಸುಮ್ಮನೆ ಇಟ್ಟ ತೋಟೆಗಳು ತಾವಾಗಿಯೇ ಸೀಳಿ ಹೋಗುತ್ತಿದ್ದವು. ಋತುವನ್ನು ಹಿಡಿದು ಬರುವ ರೋಗವೆಂದು ಅದಕ್ಕೆ ‘ಸೀಸನ್ ಕ್ರ್ಯಾಕಿಂಗ್’ ಎಂದೇ ಹೆಸರಿಟ್ಟರು. 1921ರಲ್ಲಿ ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಎಂಬ ಮೂವರು ವಿಜ್ಞಾನಿಗಳು ಗುಟ್ಟನ್ನು ಹೊರಗೆಡಹಿದರು: ತಯಾರಿಕೆಯಲ್ಲಿ ಎಳೆಸಿಕೊಂಡ ಬಿಗಿತವು ಹಿತ್ತಾಳೆಯೊಳಗೆ ಉಳಿದಿರುತ್ತದೆ, ಅದಕ್ಕೆ ತೇವವೂ ಅಮೋನಿಯಾವೂ ಕೂಡಿದರೆ ಲೋಹ ಬಿರಿಯುತ್ತದೆ. ಕುದುರೆ ಲಾಯದ ಮೂತ್ರದಲ್ಲಿ ಅಮೋನಿಯಾಕ್ಕೆ ಬರವೇ? ನಮ್ಮ ಕೊಟ್ಟಿಗೆಯಲ್ಲಂತೂ ಇಲ್ಲವೇ ಇಲ್ಲ. ಗೋಮೂತ್ರದ ಪಾವಿತ್ರ್ಯವನ್ನು ಕುರಿತು ಅತ್ತೆಯವರು ಎಷ್ಟು ಹೇಳಿದರೂ, ಹಿತ್ತಾಳೆಯ ಮಟ್ಟಿಗೆ ಮಾವನವರು ನಾಸ್ತಿಕರಾಗಿಯೇ ಉಳಿದರು.

ಹಳೆಯ ತೋಟೆಗಳ ಕೇಪಿನಲ್ಲಿ ಪಾದರಸದ ಅಂಶವಿರುತ್ತಿತ್ತು. ಒಮ್ಮೆ ಹಾರಿಸಿದರೆ ಆ ಪಾದರಸ ಹಿತ್ತಾಳೆಗೆ ಇಳಿದು ಅದನ್ನು ಹಪ್ಪಳದಂತೆ ಮಾಡುತ್ತಿತ್ತು. ಅಂತಹವನ್ನು ಮಾವನವರು ಮತ್ತೆ ತುಂಬುತ್ತಲೇ ಇರಲಿಲ್ಲ. ಉಳಿದವುಗಳ ಒಳಗೆ, ತುದಿ ಬಗ್ಗಿಸಿದ ಸಣ್ಣ ತಂತಿಯನ್ನು ಇಳಿಸಿ ಬುಡದ ಮೇಲ್ಭಾಗವನ್ನು ಸವರಿ ನೋಡುತ್ತಿದ್ದರು. ತಂತಿ ಎಲ್ಲಿಯಾದರೂ ಸಣ್ಣ ಕಾಲುವೆಗೆ ಸಿಕ್ಕಂತೆ ತಡೆದರೆ, ಹಿತ್ತಾಳೆ ಅಲ್ಲಿ ತೆಳುವಾಗಿದೆ, ಮುಂದಿನ ಸಲ ಬುಡವೂ ಒಡಲೂ ಬೇರೆಯಾಗುತ್ತವೆ ಎಂದು ಅರ್ಥ. ಹೊರಗಿನಿಂದ ಅದೇ ಜಾಗದಲ್ಲಿ ಬಳೆಯಂತಹ ಹೊಳೆಯುವ ಗೆರೆ ಕಂಡರೂ ಅಷ್ಟೇ. ಆ ಕವಚವನ್ನು ಒಡನೆಯೇ ಸುತ್ತಿಗೆಯಿಂದ ಚಪ್ಪಟೆ ಮಾಡಿ ಡಬ್ಬಿಗೆ ಹಾಕುತ್ತಿದ್ದರು. ಚಪ್ಪಟೆ ಮಾಡದೆ ಬಿಟ್ಟರೆ ಕೃಪಣ ಬುದ್ಧಿಗೆ ಅವಕಾಶ ಕೊಟ್ಟಂತೆ ಎಂದು ಹೇಳುತ್ತಿದ್ದರು.

ಒತ್ತಡವನ್ನು ಕುರಿತು ನನಗೆ ಕಣ್ಣು ತೆರೆಸಿದ್ದು ಇಳಕಲ್ಲಿನ ಕಲ್ಲುಗಣಿ. ಅಲ್ಲಿಯ ಕೆಂಪು ಕಲ್ಲನ್ನು ದೇವಸ್ಥಾನದ ಕಂಬಕ್ಕೋ ಮನೆಯ ಮೆಟ್ಟಿಲಿಗೋ ಬೇಕಾದ ಹಾಗೆ ಅಖಂಡವಾಗಿ ಎಬ್ಬಿಸಬೇಕಾದರೆ ಕರಿಮದ್ದೇ ಬೇಕು, ಡೈನಮೈಟು ಬೇಡ ಎಂದು ಗಣಿಯ ಹಿರಿಯ ಒಡ್ಡರೊಬ್ಬರು ಹೇಳಿದರು. ಡೈನಮೈಟು ಕಲ್ಲನ್ನು ಪುಡಿಗುಟ್ಟುತ್ತದೆ. ಕರಿಮದ್ದು ಹೆಗಲು ಕೊಟ್ಟು ತಳ್ಳುತ್ತದೆ. ಬಂದೂಕಿಗೆ ಬೇಕಾದುದೂ ತಳ್ಳುವ ಮದ್ದೇ. ಆದರೆ ತಳ್ಳುವ ಮದ್ದುಗಳಲ್ಲಿಯೂ ಎರಡು ಜಾತಿ. ಗಂಧಕ, ಇದ್ದಿಲು, ಪೆಟ್ಲುಪ್ಪುಗಳ ಹಳೆಯ ಕರಿಮದ್ದು ಒಂದು. ಹೊಗೆಯಿಲ್ಲದ ಹೊಸ ಮದ್ದು ಇನ್ನೊಂದು. ಎರಡನೆಯದು ಅದೇ ಅಳತೆಯಲ್ಲಿ ಮೊದಲನೆಯದಕ್ಕಿಂತ ಹಲವು ಪಟ್ಟು ಕಸುವುಳ್ಳದ್ದು. ಹನ್ನೆರಡು ಬೋರಿನ ಬಂದೂಕಿನ ಕೋಣೆಯಲ್ಲಿ ಏಳುವ ಒತ್ತಡ ಚದರ ಅಂಗುಲಕ್ಕೆ ಸುಮಾರು 3 ಟನ್. ಸೈನ್ಯದ .303 ರೈಫಲ್ಲಿನಲ್ಲಿ ಸುಮಾರು 18 ಟನ್. ಹೆಬ್ಬೆಟ್ಟಿನ ಮೇಲೆ ಹದಿನೆಂಟು ಟನ್ನಿನ ಲಾರಿ ನಿಂತಂತೆ ಎಂದರೆ ಗೃಹಿಣಿಯರಿಗೂ ಅಂದಾಜಾದೀತು. ಆ ಲಾರಿ ಬಂದು ನಿಂತು ಹೋಗುವುದು ರೆಪ್ಪೆ ಬಡಿಯುವುದಕ್ಕಿಂತ ಬಹಳ ಬೇಗ.

ಇಷ್ಟು ಸಾಲದೆಂಬಂತೆ ನಮ್ಮ ಬಿಸಿಲು ಬೇರೆ. ಮದ್ದು ಕಾದಷ್ಟೂ ಬೇಗ ಉರಿಯುತ್ತದೆ, ಒತ್ತಡ ಏರುತ್ತದೆ. ಇಂಗ್ಲೆಂಡಿನ ಚಳಿಯಲ್ಲಿ ಸಾಧುವಾಗಿದ್ದ ತೋಟೆ ಬಾದಾಮಿಯ ಮೇ ತಿಂಗಳಲ್ಲಿ ಸಾಧುವಾಗಿರಬೇಕೆಂದಿಲ್ಲ. ಇದನ್ನು ಅರಿತೇ ಅಲ್ಲಿಯ ಕಂಪನಿಗಳು ಹಿಂದೂಸ್ಥಾನಕ್ಕೂ ಆಫ್ರಿಕಕ್ಕೂ ಕಳುಹಿಸುವ ದೊಡ್ಡ ತೋಟೆಗಳಲ್ಲಿ ಮದ್ದನ್ನು ತುಸು ಕಡಿಮೆ ಹಾಕುತ್ತಿದ್ದವು. ಒಮ್ಮೆ ಬಾದಾಮಿಯಲ್ಲಿ, ಮಾವನವರ ಸ್ನೇಹಿತರೊಬ್ಬರು ಮಧ್ಯಾಹ್ನವೆಲ್ಲ ಜೀಪಿನ ಮೂತಿಯ ಮೇಲೆ ಕಾದ ತೋಟೆಯನ್ನು ಗುರಿಹಲಗೆಗೆ ಹಾರಿಸಿದರು. ಗುಂಡಿನ ಸದ್ದು ಕೆಂಪು ಬಂಡೆಗಳ ನಡುವೆ ಮೂರು ಸಲ ಮರುದನಿಗೊಂಡಿತು. ಆಮೇಲೆ ನೋಡಿದರೆ ರೈಫಲ್ಲಿನ ಬೋಲ್ಟು ಏಳಲೊಲ್ಲದು. ಕಟ್ಟಿಗೆಯಿಂದ ತಟ್ಟಿ ತಟ್ಟಿ ಬಿಡಿಸಿದಾಗ ಹೊರಗೆ ಬಂದ ಕವಚದ ಕೇಪು ಕಾಸಿನಂತೆ ಚಪ್ಪಟೆಯಾಗಿತ್ತು. ಮಾವನವರು ಅದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು, ಅಂದಿನ ಗುರಿಯಾಟ ಮುಗಿಯಿತೆಂದು ಹೇಳಿ ಎಲ್ಲರನ್ನೂ ಅಗಸ್ತ್ಯತೀರ್ಥದ ಮೆಟ್ಟಿಲಿಗೆ ಕರೆದುಕೊಂಡು ಹೋಗಿ ಬುತ್ತಿ ಬಿಚ್ಚಿಸಿದರು. ಅವರ ಸ್ವಂತ ತೋಟೆಗಳು ಯಾವಾಗಲೂ ಒದ್ದೆ ಅರಿವೆ ಸುತ್ತಿದ ತತ್ರಾಣಿಯ ನೆರಳಿನಲ್ಲಿರುತ್ತಿದ್ದವು. ಗ್ರಂಥದಲ್ಲಿ ಹೇಳಿದ ಮಿತಿಯ ತುದಿಯವರೆಗೆ ಅವರು ಎಂದೂ ತುಂಬಿದವರಲ್ಲ.

ಈಗ ಹುನಗುಂದದ ಸಂಗತಿಯನ್ನು ಹೇಳಬೇಕು.

ಮಾವನವರ ಹಿರಿಯ ಮಗಳನ್ನು ಹುನಗುಂದದ ಸಮೀಪದ ಹಳ್ಳಿಯೊಂದಕ್ಕೆ, ಒಳ್ಳೆಯ ಎರೆಹೊಲವುಳ್ಳ ಮನೆತನಕ್ಕೆ ಕೊಟ್ಟಿದ್ದರು. ಮದುವೆಯಾದ ಮರುವರುಷ ಬೀಗರು ಬಾಗಲಕೋಟೆಗೆ ಬಂದರು. ಅಮೀನಗಡದಲ್ಲಿ ಬಸ್ಸು ನಿಂತಾಗ ಕೊಂಡ ಕರದಂಟಿನ ಪೊಟ್ಟಣ ಒಂದು ಕೈಯಲ್ಲಿ. ಇನ್ನೊಂದು ಕೈಯಲ್ಲಿ, ಪಂಚೆಯ ಚೂರಿನಲ್ಲಿ ಸುತ್ತಿದ ತಗಡಿನ ಡಬ್ಬಿ. ಡಬ್ಬಿಯಲ್ಲಿ ಹೊಗೆಯಿಲ್ಲದ ಮದ್ದು. ಮೇಲಿನ ಚೀಟಿ ಎಂದೋ ಕಿತ್ತುಹೋಗಿತ್ತು. ಯಾರೋ ಕೊಟ್ಟರಂತೆ. ಜೋಳದ ಹೊಲಕ್ಕೆ ಹಂದಿಗಳ ಕಾಟ ಹೆಚ್ಚಾಗಿದೆ, ಕರಿಮದ್ದಿನ ಹೊಗೆಗೆ ಎರಡನೆಯ ಗುರಿ ಕಾಣುವುದಿಲ್ಲ. ಆದುದರಿಂದ ತಮ್ಮ ಬಂದೂಕಿನ ಹಿತ್ತಾಳೆಯ ತೋಟೆಗಳಿಗೆ ಇದನ್ನು ತುಂಬಿಕೊಡಬೇಕು ಎಂದು ಅವರ ಕೋರಿಕೆ.

ಮಾವನವರು ಊಟ ಮಾಡಿಸಿದರು, ಎಲೆ ಅಡಿಕೆ ಕೊಟ್ಟರು, ಆಮೇಲೆ ಆಗದು ಎಂದರು. ಹೆಸರಿಲ್ಲದ ಮದ್ದು ಹೆಸರಿಲ್ಲದ ಔಷಧಿಯಂತೆ. ಎಷ್ಟು ಕೊಡಬೇಕೆಂದು ಯಾವ ವೈದ್ಯನೂ ಹೇಳಲಾರ. ಅದಲ್ಲದೆ ಬೀಗರ ಬಂದೂಕು ಅವರ ತಂದೆಯ ಕಾಲದ್ದು, ಕರಿಮದ್ದಿಗೆಂದೇ ಮಾಡಿದ ತೆಳುನಳಿಗೆ. ಬೇಕಾದರೆ ಕರಿಮದ್ದಿನಲ್ಲಿ ಇಪ್ಪತ್ತು ತೋಟೆ ಈಗಲೇ ತುಂಬಿಕೊಡುತ್ತೇನೆ ಎಂದರು. ಬೀಗರ ಮುಖ ಗಂಟಿಕ್ಕಿತು. ಮಗಳನ್ನು ಕೊಟ್ಟ ಮೇಲೆ ಒಂದು ಹಿಡಿ ಮದ್ದಿಗೆ ಜಿಪುಣತನವೇ ಎಂದು, ಕರದಂಟನ್ನು ಮಾತ್ರ ಅಲ್ಲಿಯೇ ಬಿಟ್ಟು, ಡಬ್ಬಿಯನ್ನು ತೆಗೆದುಕೊಂಡು ಸಂಜೆಯ ಬಸ್ಸಿಗೆ ಹೊರಟುಹೋದರು.

ಆ ವರುಷ ನಾಗರ ಪಂಚಮಿಗೆ ಅಕ್ಕನನ್ನು ಕಳುಹಿಸಲಿಲ್ಲ. ನಮ್ಮ ಕಡೆ ಪಂಚಮಿಗೆ ಹೆಣ್ಣುಮಗಳು ತವರಿಗೆ ಬಾರದಿದ್ದರೆ ಅದೆಂತಹ ಮಾತೆಂದು ಬಿಡಿಸಿ ಹೇಳಬೇಕಾಗಿಲ್ಲ. ಜೋಕಾಲಿ ಕಟ್ಟಿದ ಹಗ್ಗವನ್ನು ಅತ್ತೆಯವರು ತಾವೇ ಬಿಚ್ಚಿಟ್ಟರು. ಒಂದು ಮಾತು ‘ಹೂಂ’ ಎಂದಿದ್ದರೆ ಏನಾಗುತ್ತಿತ್ತು ಎಂದು ಅವರು ಗಂಡನನ್ನು ಕೇಳಿದ್ದು ನನ್ನ ಕಿವಿಗೆ ಬಿದ್ದಿತು. ಉತ್ತರ ಕೇಳಿಸಲಿಲ್ಲ.

ಉತ್ತರ ಬಂದುದು ಸಂಕ್ರಾಂತಿಯ ಹೊತ್ತಿಗೆ. ಜೋಳ ಹಾಲುಗಾಳಿನಿಂದ ಬಲಿಯುತ್ತಿತ್ತು. ಅಕ್ಕನ ಮೈದುನ, ಹತ್ತೊಂಬತ್ತರ ಹುಡುಗ, ರಾತ್ರಿ ಅಟ್ಟಣೆಯ ಮೇಲೆ ಕಾವಲಿದ್ದ. ಆ ಮದ್ದನ್ನು ಊರಿನಲ್ಲಿಯೇ ಯಾರೋ, ಕರಿಮದ್ದಿನ ಅಳತೆಯ ಬಟ್ಟಲಿನಿಂದಲೇ ಅಳೆದು ತುಂಬಿಕೊಟ್ಟಿದ್ದರು. ಹಂದಿಗೆ ಗುರಿಯಿಟ್ಟು ಹಾರಿಸಿದೊಡನೆ ಎಡನಳಿಗೆ ಕೋಣೆಯ ಮುಂದೆ ಬಿರಿಯಿತು. ನಳಿಗೆಯನ್ನು ಹಿಡಿದಿದ್ದ ಎಡಗೈಯ ಎರಡು ಬೆರಳುಗಳು ಹೋದವು. ಕಣ್ಣು ಉಳಿದುದು, ಅವನು ತಂಡಿಗೆಂದು ತಲೆಗೆ ಬಿಗಿಯಾಗಿ ಕಂಬಳಿ ಸುತ್ತಿಕೊಂಡಿದ್ದುದರಿಂದ.

ಸುದ್ದಿ ಬಂದ ಮುಂಜಾವಿನಲ್ಲಿಯೇ ಮಾವನವರು ನನ್ನನ್ನು ಕರೆದುಕೊಂಡು ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಮಾತಿಲ್ಲ. ಆಸ್ಪತ್ರೆಯಲ್ಲಿ ಹುಡುಗನ ತಲೆ ನೇವರಿಸಿ, ಬೀಗರ ಪಕ್ಕದಲ್ಲಿ ಬೆಂಚಿನ ಮೇಲೆ ಕುಳಿತರು. ‘ನಾನು ಹೇಳಿರಲಿಲ್ಲವೇ’ ಎಂಬ ಎಂಟಕ್ಷರದ ಸುಖವನ್ನು ಅವರು ತೆಗೆದುಕೊಳ್ಳಲಿಲ್ಲ. ಮಧ್ಯಾಹ್ನ ಹಳ್ಳಿಗೆ ಹೋಗಿ, ಉಳಿದ ತೋಟೆಗಳನ್ನೂ ಡಬ್ಬಿಯನ್ನೂ ತರಿಸಿದರು. ಹನ್ನೊಂದು ತೋಟೆಗಳಿದ್ದವು. ಅಂಗಳದಲ್ಲಿ ಕುಳಿತು ಒಂದೊಂದನ್ನೇ ಬಿಚ್ಚಿ, ಮದ್ದನ್ನೆಲ್ಲ ಕಣದ ಬಯಲಿನಲ್ಲಿ ತೆಳ್ಳಗೆ ಗೆರೆಯೆಳೆದಂತೆ ಸುರಿದು, ದೂರದಿಂದ ಬೆಂಕಿ ಮುಟ್ಟಿಸಿದರು. ಸದ್ದಿಲ್ಲ, ಸ್ಫೋಟವಿಲ್ಲ, ಹಳದಿ ಜ್ವಾಲೆಯೊಂದು ಹುಲ್ಲಿಗೆ ಹತ್ತಿದಂತೆ ಸುಯ್ಯೆಂದು ಸಾಗಿ ಆರಿಹೋಯಿತು. ನೆರೆದಿದ್ದವರಲ್ಲಿ ಒಬ್ಬರು, ಇಷ್ಟು ಬಡವಾದ ಬೆಂಕಿಯೇ ಅಷ್ಟು ಮಾಡಿತೆ ಎಂದು ಕೇಳಿದರು. ಬಯಲಿನಲ್ಲಿ ಬಡವ, ಬಾಗಿಲು ಹಾಕಿದರೆ ರಾಕ್ಷಸ ಎಂದರು ಮಾವನವರು. ಇಕ್ಕಟ್ಟಿನಲ್ಲಿ ಒತ್ತಡ ಏರುತ್ತದೆ, ಒತ್ತಡ ಏರಿದಷ್ಟೂ ಅದು ಬೇಗ ಉರಿಯುತ್ತದೆ, ಬೇಗ ಉರಿದಷ್ಟೂ ಒತ್ತಡ ಮತ್ತೆ ಏರುತ್ತದೆ. ಕರಿಮದ್ದಿಗೆ ಈ ಗುಣ ಇಷ್ಟು ತೀವ್ರವಾಗಿಲ್ಲ.

ಒಡೆದ ತೋಟೆಯ ಬುಡವನ್ನು ಅವರು ಬಹಳ ಹೊತ್ತು ನೋಡಿದರು. ಕೇಪು ಕುಳಿತಿದ್ದ ಕುಳಿ ಬೆಲ್ಲ ಕರಗಿದಂತೆ ಅಗಲವಾಗಿತ್ತು. ಹಿತ್ತಾಳೆ ಮಾತ್ರ ಒಳ್ಳೆಯದು, ಇನ್ನೂ ಹೊಸದು. ಅದರ ತಪ್ಪೇನೂ ಇರಲಿಲ್ಲ.

ಮುಂದಿನ ಪಂಚಮಿಗೆ ಅಕ್ಕ ಬಂದಳು. ಬೀಗರೇ ತಂದು ಬಿಟ್ಟುಹೋದರು. ಆದರೆ ಮಾವನವರ ಮನಸ್ಸಿನಿಂದ ಆ ಡಬ್ಬಿ ಇಳಿಯಲಿಲ್ಲ. ಹಲವು ವರುಷಗಳ ಮೇಲೆ ಕೂಡ, ತುಂಬುವುದಿಲ್ಲ ಎಂದರೆ ಸಾಲದು, ಡಬ್ಬಿಯನ್ನೇ ಹಿಡಿದಿಟ್ಟುಕೊಳ್ಳಬೇಕಾಗಿತ್ತು ಎಂದು ಅವರು ಹೇಳುವುದಿತ್ತು. ನನಗೆ ಹಾಗೆ ಅನಿಸುವುದಿಲ್ಲ. ಮಗಳನ್ನು ಕೊಟ್ಟ ಮನೆಯ ಯಜಮಾನನ ಕೈಯಿಂದ, ತನ್ನ ಹೊಸ್ತಿಲೊಳಗೆ, ವಸ್ತುವನ್ನು ಕಸಿದುಕೊಳ್ಳುವ ಬೀಗನನ್ನು ನಾನು ಇದುವರೆಗೆ ಕಂಡಿಲ್ಲ. ಆದರೆ ಅವರ ಬಾಯಿಂದ ಆ ಮಾತು ಬಂದಾಗಲೆಲ್ಲ ಎದುರು ಹೇಳುವ ಧೈರ್ಯವೂ ನನಗಿರಲಿಲ್ಲ. ಆ ಹುಡುಗ ಮುಂದೆ ಇಳಕಲ್ಲಿನಲ್ಲಿ ಸೀರೆಯ ಅಂಗಡಿ ಇಟ್ಟ. ಮೊದಲ ಬಂಡವಾಳಕ್ಕೆ ಜಾಮೀನು ನಿಂತವರು ಮಾವನವರು. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆಗೆ ಎಳೆ ಸೇರಿಸಿ ಕೊಂಡಿ ಹಾಕುತ್ತಾರಷ್ಟೆ. “ಕೊಂಡಿ ಹಾಕುವ ಬೆರಳು ನನಗಿಲ್ಲ, ಮಾರುವ ಬಾಯಿ ಐತಿ” ಎಂದು ನಗುತ್ತ, ಮೂರೇ ಬೆರಳಿನ ಕೈಯಿಂದ ಸೆರಗನ್ನು ಹರಡಿ ತೋರಿಸುತ್ತಿದ್ದ. ಹೆಂಗಸರು ಸೆರಗನ್ನು ನೋಡುತ್ತಿದ್ದರು.

1972ರಲ್ಲಿ ವನ್ಯಜೀವಿ ಸಂರಕ್ಷಣೆಯ ಕಾಯಿದೆ ಬಂದಿತು. ಶಿಕಾರಿ ಮುಗಿಯಿತು, ಮುಗಿಯಬೇಕಾದುದೇ ಆಗಿತ್ತು ಎಂದು ಮಾವನವರೇ ಹೇಳಿದರು. ರೈಫಲ್ಲನ್ನು ಕಾಯಿದೆಯ ಪ್ರಕಾರ ಒಪ್ಪಿಸಿದರು. ಖಾಲಿ ಕವಚಗಳನ್ನು ಒಂದನ್ನೂ ಬಿಡದೆ ಚಪ್ಪಟೆ ಮಾಡಿ ಗುಜರಿಗೆ ಹಾಕಿದರು. ಪರವಾನಿಗೆಯಿಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಆಯುಧ ಕಾಯಿದೆಯಂತೆ ಅಂದಿಗೂ ಅಪರಾಧ, ಇಂದಿಗೂ ಅಪರಾಧ. ನಿಯಮಗಳು ಮಾತ್ರ 2016ರಲ್ಲಿ ಹೊಸದಾಗಿವೆ.

ಉಳಿದುದು ಒಂದು ನೋಟುಬುಕ್ಕು. ಪ್ರತಿ ತೋಟೆಯ ಜಾತಕ ಅದರಲ್ಲಿದೆ: ಯಾವ ದಿನ ತುಂಬಿದ್ದು, ಎಷ್ಟು ಗ್ರೇನು, ಎಷ್ಟನೆಯ ಸಲ, ಅಂದಿನ ಬಿಸಿಲು ಎಷ್ಟು, ಕೇಪು ಹೇಗೆ ಕಂಡಿತು. ಹಳೆಯ ಪೇಟೆಯ ಮನೆಯನ್ನು ಹಿನ್ನೀರಿಗೆ ಬಿಟ್ಟುಕೊಟ್ಟು ನವನಗರಕ್ಕೆ ಸಾಮಾನು ಸಾಗಿಸುವಾಗ ಅದು ನನ್ನ ಪಾಲಿಗೆ ಬಂದಿತು. ಈಚೆಗೆ ಅಕ್ಕನ ಮೊಮ್ಮಗ, ರೈಫಲ್ ಕ್ಲಬ್ಬಿನಲ್ಲಿ ಗುರಿ ಕಲಿಯುತ್ತಿರುವವನು, ಅಜ್ಜನ ಲೆಕ್ಕ ತನಗೆ ಬೇಕೆಂದು ಕೇಳಿದ. ಪುಟ ತೆರೆದು ತೋರಿಸಿದೆ. ಅದರಲ್ಲಿರುವ ಒಂದು ಅಂಕಿಯೂ ಅವನ ಕೆಲಸಕ್ಕೆ ಬಾರದು. ಅವು ಆ ನಳಿಗೆಗೆ, ಆ ಹಿತ್ತಾಳೆಗೆ, ಎಂದೋ ತೀರಿಹೋದ ಆ ಒಂದು ಡಬ್ಬಿಯ ಮದ್ದಿಗೆ ಮಾತ್ರ ಸಲ್ಲುವಂಥವು. ಹಾಗೆಂದು ಮೊದಲ ಪುಟದಲ್ಲಿಯೇ, ಕೆಂಪು ಶಾಯಿಯಲ್ಲಿ, ಮಾವನವರು ವಕೀಲರ ಭಾಷೆಯಲ್ಲಿ ಬರೆದಿಟ್ಟಿದ್ದಾರೆ. ಹುಡುಗ ಅದನ್ನು ಎರಡು ಸಲ ಓದಿದ. ಆಮೇಲೆ ತನ್ನ ಫೋನಿನಲ್ಲಿ ಆ ಪುಟದ ಚಿತ್ರವೊಂದನ್ನು ಮಾತ್ರ ತೆಗೆದುಕೊಂಡು, ಪುಸ್ತಕವನ್ನು ನನಗೆ ಹಿಂದಿರುಗಿಸಿದ.